ಆಟದೊಳಗಿನ ಹನೂರು ರಸ್ತೆ

ಲಾಭ ಬರುತ್ತಿರುವ ಅಂಗಡಿಯನ್ನು ಬುದ್ಧಿ ನೆಟ್ಟಗಿರುವ ಯಾರೂ ಮುಚ್ಚುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಬರೀ ನಂಬಿಕೆಯಲ್ಲ, ಚರ್ಚಾಸ್ಪರ್ಧೆಗಳಲ್ಲಿ ಅದನ್ನೇ ಬಂಡವಾಳ ಮಾಡಿಕೊಂಡು ಕಪ್ಪು ಗೆದ್ದವನು ನಾನು. ಕಾರ್ಖಾನೆ ಮುಚ್ಚುವ ವಿಷಯವಿರಲಿ, ಹಳ್ಳಿ ಬಸ್ಸು ನಿಲ್ಲಿಸುವ ವಿಷಯವಿರಲಿ, "ನಷ್ಟವಿಲ್ಲದೆ ಬಾಗಿಲು ಹಾಕಿದ್ದಕ್ಕೆ ಎದುರು ಪಕ್ಷದವರು ಒಂದೇ ಒಂದು ಉದಾಹರಣೆ ಕೊಡಲಿ" ಎಂದು ಮೇಜು ಕುಟ್ಟಿದರೆ ಸಾಕು, ಎದುರಿನವರು ತಡವರಿಸುತ್ತಿದ್ದರು. ಆ ಒಂದು ಉದಾಹರಣೆ ಕೊನೆಗೆ ನನಗೆ ಸಿಕ್ಕಿದ್ದು ಯಾವ ವೇದಿಕೆಯಲ್ಲೂ ಅಲ್ಲ. ಕುಂತೂರಿನ ನಮ್ಮ ದೊಡ್ಡಪ್ಪನ ಮನೆಯ ಜಗಲಿಯಲ್ಲಿ, ಅಕ್ಕನ ಮೊಬೈಲಿನಲ್ಲಿ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಬಿ.ಕಾಂ. ಮುಗಿಸಿದವಳು. ಗದ್ದೆಗೆ ನೀರು ಯಾವ ಕಡೆಯಿಂದ, ಗೊಬ್ಬರ ಯಾವಾಗ, ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ ತರುವುದು ಹೇಗೆ ಎಂಬುದೆಲ್ಲ ಈಗ ಅವಳ ಕೈಯಲ್ಲೇ ಇದೆ. ನಾನು ಕೊಳ್ಳೇಗಾಲದಲ್ಲಿರುವವನು, ಕಾನೂನು ಓದುತ್ತಿರುವವನು. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಕುಂತೂರಿಗೆ ಹೋಗುತ್ತೇನೆ. ದೊಡ್ಡಮ್ಮನ ಕೈಯೂಟಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ಅಸಲಿಗೆ ಅಕ್ಕನ ಜೊತೆ ವಾದ ಮಾಡುವುದಕ್ಕೆ. ಕಾಲೇಜಿನಲ್ಲಿ ಗೆದ್ದ ವಾದವನ್ನು ಅವಳ ಮುಂದೆ ಇಟ್ಟು ಮತ್ತೊಮ್ಮೆ ಗೆದ್ದರೆ ಮಾತ್ರ ಅದು ಗಟ್ಟಿ ಎಂದು ನನ್ನ ಲೆಕ್ಕ. ಹಾಗೆ ಗಟ್ಟಿಯಾದವು ಬಹಳ ಕಡಿಮೆ.

ಅಕ್ಕ ಒಂದು ಆನ್‌ಲೈನ್ ಆಟ ಆಡುತ್ತಿದ್ದಳು. ಲಾರಿ, ಬಸ್ಸು, ಟ್ರ್ಯಾಕ್ಟರ್ ಓಡಿಸುವ ಆಟ. ಬೇರೆ ಬೇರೆ ಊರಿನವರು ಅವರವರ ಮೊಬೈಲಿನಿಂದ ಒಂದೇ ರಸ್ತೆಗೆ ಬಂದು ಸೇರಬಹುದು, ಗಾಡಿ ಓಡಿಸುತ್ತಲೇ ಮಾತಾಡಬಹುದು. ಅದರಲ್ಲಿ ಇನ್ನೊಂದು ಅನುಕೂಲವಿತ್ತು: ಆಡುವವರೇ ರಸ್ತೆ ಕಟ್ಟಬಹುದು. ತಿರುವು, ಉಬ್ಬು, ಮರ, ಸೇತುವೆ, ಗೂಡಂಗಡಿ ಎಲ್ಲವನ್ನೂ ಒಂದೊಂದಾಗಿ ಎತ್ತಿಟ್ಟು ಕಟ್ಟಿದರೆ ಅದು ಕಂಪನಿಯ ಸರ್ವರಿನಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ಬಂದು ಅದರ ಮೇಲೆ ಓಡಿಸುತ್ತಾರೆ. ಅಕ್ಕ ಕೊಳ್ಳೇಗಾಲದಿಂದ ಹನೂರಿನವರೆಗೆ, ಹನೂರಿನಿಂದ ಬಂಡಳ್ಳಿಯವರೆಗೆ ರಸ್ತೆ ಕಟ್ಟಿದ್ದಳು. ಬಂಡಳ್ಳಿ ದೊಡ್ಡಮ್ಮನ ತವರು. ನೀರು ತಿರುಗಿಸಿ ಬಂದು ಬದುವಿನ ಮೇಲೆ ಕೂತಾಗ ಒಂದು ಮರ, ಕಾರ್ಖಾನೆಯ ಗೇಟಿನಲ್ಲಿ ಟ್ರ್ಯಾಕ್ಟರುಗಳ ಸಾಲು ಕರಗುವವರೆಗೆ ಒಂದು ತಿರುವು, ಹೀಗೆ ವರ್ಷಗಟ್ಟಲೆ ಕಟ್ಟಿದ ರಸ್ತೆ ಅದು.

ಅವಳು ಕಟ್ಟಿದ್ದು ಈಗಿನ ರಸ್ತೆಯಲ್ಲ, ಅಗಲ ಮಾಡುವ ಮುಂಚಿನದು. ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯಬೇಕಾಗಿದ್ದ ಕಾಲದ್ದು. ಎರಡೂ ಕಡೆಯಿಂದ ಹುಣಸೆಮರ, ಆಲದಮರ ಬಾಗಿ ಮೇಲೆ ಒಂದಕ್ಕೊಂದು ತಾಗಿಕೊಂಡಿದ್ದವು. ಗಾಡಿ ಅದರ ಕೆಳಗೆ ಹೋಗುವಾಗ ಮುಂದಿನ ಗಾಜಿನ ಮೇಲೆ ನೆರಳು ಬಿಸಿಲು, ನೆರಳು ಬಿಸಿಲು ಎಂದು ಬಡಿಯುತ್ತಿತ್ತು. ನಾನು ಆಟದ ವಿಷಯದಲ್ಲಿ ಯಾರನ್ನೂ ಹೊಗಳುವವನಲ್ಲ. ಆದರೂ ಮೊದಲ ಸಲ ಅದರಲ್ಲಿ ಲಾರಿ ಓಡಿಸಿದಾಗ, ಆ ನೆರಳು ನೋಡುತ್ತ ಹಳ್ಳಕ್ಕೆ ಬಿದ್ದೆ.

ಆ ರಸ್ತೆಗೆ ಒಂದು ತಂಡವೇ ಇತ್ತು. ಅದರಲ್ಲಿ ಇಬ್ಬರು ದಿನವೂ ಬರುವವರು. ಒಬ್ಬ ಬಂಡಳ್ಳಿಯ ಡ್ರೈವರ್, ನಿಜವಾಗಿಯೂ ಗೂಡ್ಸ್ ಗಾಡಿ ಓಡಿಸುವವನು. ಲೋಡಿಗೆ ಕಾಯುತ್ತ ತನ್ನ ಗಾಡಿಯಲ್ಲೇ ಕೂತು ಆಟದ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಇನ್ನೊಬ್ಬ ಯಳಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅಕ್ಕ ಯಾವಾಗಲೂ ಓಡಿಸುತ್ತಿದ್ದದ್ದು ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್. ಅದು ಏರು ಹತ್ತುವಾಗ ಹಿಂದೆ ಎಲ್ಲರೂ ಹಾರ್ನ್ ಹೊಡೆಯದೆ ನಿಲ್ಲಬೇಕು, ಅದು ತಂಡದ ಕಾನೂನು. ಪರವೂರಿನ ಆಟಗಾರ ಯಾರಾದರೂ ಹಾರ್ನ್ ಹೊಡೆದರೆ ಬಂಡಳ್ಳಿಯವನು, "ಏನ್ ಸಾ ಅವಸ್ರ? ಇಳ್ದು ಎರಡ್ ಜಲ್ಲೆ ಎಳ್ಕಂಡು ತಿನ್ನಿ, ಅಷ್ಟೊತ್ಗೆ ಏರು ಮುಗೀತದೆ" ಎಂದು ಬುದ್ಧಿ ಹೇಳುತ್ತಿದ್ದ. ಆಟದಲ್ಲಿ ಜಲ್ಲೆ ಎಳೆಯಲು ಬರುವುದಿಲ್ಲ ಎಂದು ಗೊತ್ತಿಲ್ಲದೆ ಪಾಪ ಆ ಪರವೂರಿನವನು ಇಳಿಯುವ ಬಟನ್ ಹುಡುಕುತ್ತ ನಿಲ್ಲುತ್ತಿದ್ದ.

ಆ ಭಾನುವಾರ ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಅಕ್ಕ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು.

"ಆಟ ಮುಚ್ತಾರಂತೆ ಕಣ್ಲಾ."

"ನಷ್ಟ ಆಗಿರ್ತದೆ ಬುಡಕ್ಕ," ಅಂದೆ.

"ಪೂರ್ತಿ ಓದ್ಲಾ. ಲಾಯರ್ ಆಗವ್ನು ಓದ್ದೇನೆ ತೀರ್ಪು ಕೊಟ್ಬುಟ್ರೆ ಎಂಗೆ?"

ಓದಿದೆ. ಮುಂದಿನ ತಿಂಗಳು ಸರ್ವರ್ ನಿಲ್ಲುತ್ತದೆ. ಈ ಆಟ ನಮಗೆ ಇವತ್ತಿಗೂ ಹೆಮ್ಮೆಯ ಯಶಸ್ಸು, ಆದರೆ ನಮ್ಮ ಪೂರ್ತಿ ಗಮನವನ್ನು ಹೊಸ ಆಟಕ್ಕೆ ಕೊಡಬೇಕಾಗಿದೆ, ಇಷ್ಟು ವರ್ಷ ಜೊತೆಗಿದ್ದಿರಿ, ವಂದನೆ. ಇಷ್ಟೇ ಒಟ್ಟು ಸಾರ. ಆಡುವವರು ಕಟ್ಟಿದ ರಸ್ತೆಗಳು ಏನಾಗುತ್ತವೆ ಎಂದು ಹುಡುಕಿದೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು: ಅಳಿಸಲಾಗುವುದು.

"ಯಶಸ್ಸು ಅಂತ ನಷ್ಟದಲ್ಲಿರೋನೂವೆ ಬರೀತಾನೆ," ಅಂದೆ. ಪಟ್ಟು ಬಿಡುವುದು ನನ್ನ ಜಾಯಮಾನವಲ್ಲ.

"ಸುಮ್ನಿರ್ಲಾ. ಒಂದೊಂದ್ ಟ್ರಿಪ್ಪಿಗೂ ಜಾಹೀರಾತು ತೋರುಸ್ತಾರೆ. ಯಳಂದೂರಿನವ್ನ ಅಂಗ್ಡಿಗೆ ದಿನಾ ಯಾರಾರಾ ದುಡ್ ಇಡ್ಕಂಡ್ ಬಂದು ಆಟದ್ ಲಾರಿಗೆ ಆರ್ನು ಕೊಡ್ಸಣ್ಣ, ಬಣ್ಣ ಕೊಡ್ಸಣ್ಣ ಅಂತಾರೆ. ಖರ್ಚೇನು ಅವ್ರಿಗೆ? ರಸ್ತೆ ಕಟ್ಟೋರು ನಾವು, ಓಡ್ಸೋರು ನಾವು. ನಷ್ಟ ಎಲ್ಲಿಂದ ಬಂದದು?"

ಅಷ್ಟರಲ್ಲಿ ದೊಡ್ಡಪ್ಪ ಒಳಗಿನಿಂದ ಟವೆಲ್ ಕೊಡವುತ್ತ ಬಂದರು. "ಕಾಲ್ವೆ ಆಚೆ ಕೂಳೆ ಕೀಳ್ಸಕ್ಕೆ ನಾಳೆ ಟ್ರ್ಯಾಕ್ಟರ್ ಬತ್ತದೆ ಕಣವ್ವ, ನೀನು ಅತ್ತ ಕಡೆ ಇರ್ಬೇಕು," ಅಂದರು.

ಕಬ್ಬು ಗೊತ್ತಿಲ್ಲದವರಿಗೆ ಒಂದು ಮಾತು. ನೆಟ್ಟ ಕಬ್ಬನ್ನು ಕಡಿದ ಮೇಲೆ ಬುಡ ನೆಲದಲ್ಲೇ ಉಳಿಯುತ್ತದೆ, ಅದು ಮತ್ತೆ ಚಿಗುರಿ ಬೆಳೆಯುತ್ತದೆ. ಅದು ಕೂಳೆ. ಮತ್ತೆ ನಾಟಿಯ ಖರ್ಚಿಲ್ಲ, ಬಿತ್ತನೆ ಬೇಕಿಲ್ಲ. ವರ್ಷ ಕಳೆದಂತೆ ಇಳುವರಿ ಇಳಿಯುತ್ತದೆ, ಆದರೆ ಕೈಗೆ ಬರುವುದು ನಿಲ್ಲುವುದಿಲ್ಲ.

ನನಗೆ ತಲೆಯಲ್ಲಿ ಏನೋ ಹೊಳೆಯಿತು. "ದೊಡ್ಡಪ್ಪ, ಆ ಕೂಳೇಲಿ ನಷ್ಟವಾ?"

"ನಷ್ಟ ಯಾಕಾದದ್ಲಾ? ಈಗ್ಲೂವೆ ಬತ್ತದೆ."

"ಮತ್ಯಾಕೆ ಕೀಳ್ಸದು?"

"ಅದೇ ನೆಲ್ಕೆ ಒಸ ನಾಟಿ ಮಾಡುದ್ರೆ ಅದ್ಕಿಂತ ಎಚ್ಗೆ ಬತ್ತದೆ. ನೆಲಾನೂ ಒಂದೇ, ನೀರೂ ಒಂದೇ, ನಮ್ ಮೈಕೈಯೂ ಒಂದೇ. ಎರಡ್ ಕಡೆ ನೋಡಕಾದದಾ?"

ಚರ್ಚೆಯಲ್ಲಿ ಪಳಗಿದವರಿಗೆ ಒಂದು ವಿದ್ಯೆ ಗೊತ್ತಿರುತ್ತದೆ. ತನ್ನ ವಾದ ಸತ್ತಿತು ಎಂದು ಖಚಿತವಾದ ಗಳಿಗೆಯಲ್ಲಿ ಅದಕ್ಕೆ ಅಳುತ್ತ ಕೂರಬಾರದು, ಇನ್ನೊಂದು ಕಡೆಯ ಕುರ್ಚಿಗೆ ಹಾರಬೇಕು. ಹಾರಿದೆ. "ಕೇಳ್ದಾ ಅಕ್ಕ? ಲಾಭದಲ್ಲಿರದನ್ನೇ ಕಿತ್ತಾಕ್ತಾರೆ. ಕಂಪನಿಗೂ ಅಷ್ಟೇ. ಆಟ ನೋಡ್ಕೊಳ್ಳೋ ಎಂಜಿನಿಯರುಗಳು ಅವರೇ, ಸರ್ವರ್ ಅದೇ, ತಲೆ ಅದೇ. ಹಳೇ ಆಟದ ಸಣ್ಣ ಲಾಭಕ್ಕೆ ಹತ್ತು ಜನಾನ ಕಟ್ಟಾಕೋ ಬದ್ಲು ಅವ್ರನ್ನ ಹೊಸದಕ್ಕೆ ಹಾಕುದ್ರೆ ಹೆಚ್ಚು ಬತ್ತದೆ. ನೀನು ನಾಳೆ ಮಾಡದ್ನೇ ಅವರು ಮುಂದಿನ ತಿಂಗ್ಳು ಮಾಡ್ತಾರೆ. ನಿಂಗೆ ಸಿಟ್ಟು ಮಾಡ್ಕೊಳ್ಳೋ ಹಕ್ಕೇ ಇಲ್ಲ!"

ಅಕ್ಕ ಬಾಯಿಗೆ ಬಂದದ್ದನ್ನು ಅನ್ನುವವಳಲ್ಲ. ಮೊಬೈಲನ್ನು ಮಡಿಲಲ್ಲಿಟ್ಟಳು.

"ಒಪ್ಕಂಡೆ," ಅಂದಳು.

ಒಪ್ಪಿಕೊಂಡುಬಿಟ್ಟರೆ ವಾದ ಮಾಡುವವನಿಗೆ ಕಾಲ ಕೆಳಗಿನ ನೆಲವೇ ಇಲ್ಲವಾಗುತ್ತದೆ. "ಒಪ್ಕಂಡೆ ಅಂದ್ರೆ?"

"ಒಪ್ಕಂಡೆ ಅಂದ್ರೆ ಒಪ್ಕಂಡೆ ಕಣ್ಲಾ. ನಾಳೆ ಬೆಳಿಗ್ಗೆ ಗದ್ದೆ ತಾವ್ಕೆ ಬಾ, ಮಿಕ್ಕಿದ್ನ ಅಲ್ಲಿ ಮಾತಾಡವ."

ಮರುದಿನ ಕಾಲೇಜು ತಪ್ಪಿಸಿ ಹೋದೆ. ಟ್ರ್ಯಾಕ್ಟರ್ ಬದುವಿನ ಮೇಲೆ ನಿಂತಿತ್ತು, ಇಳಿದಿರಲಿಲ್ಲ. ಗದ್ದೆಯ ಒಳಗೆ ಅಕ್ಕಪಕ್ಕದ ಹೊಲದವರು ಹಾರೆ, ಗುದ್ದಲಿ ಹಿಡಿದು ಬಗ್ಗಿ ಕೂಳೆಯ ಬುಡಗಳನ್ನು ಮಣ್ಣಿನ ಸಮೇತ ಎಬ್ಬಿಸುತ್ತಿದ್ದರು. ಯಾರೂ ಕೇಳಿ ಬಂದವರಲ್ಲ. ನಮ್ಮ ಕಡೆ ಹೀಗೆಯೇ: ಒಬ್ಬರು ಕೂಳೆ ಕೀಳಿಸುತ್ತಾರೆ ಎಂದು ಸುದ್ದಿಯಾದರೆ, ತಮ್ಮ ಗದ್ದೆಯ ಸಾಲಿನಲ್ಲಿ ಎಲ್ಲೆಲ್ಲಿ ಬುಡ ಸತ್ತು ಖಾಲಿ ಬಿದ್ದಿದೆಯೋ ಅಲ್ಲಿಗೆ ತುಂಬಲು ಉಳಿದವರು ಬಂದು ಒಳ್ಳೆಯ ಬುಡ ನೋಡಿ ಎತ್ತಿಕೊಂಡು ಹೋಗುತ್ತಾರೆ. ಅವರ ಕೆಲಸ ಮುಗಿಯುವವರೆಗೆ ಟ್ರ್ಯಾಕ್ಟರಿನವನೂ ಬೀಡಿ ಸೇದುತ್ತ ಕಾಯುತ್ತಾನೆ.

"ಕೀಳದು ಅವರವರ ಇಷ್ಟ," ಅಂದಳು ಅಕ್ಕ, ಸೆರಗು ಬಿಗಿದುಕೊಳ್ಳುತ್ತ. "ನೆಲ ಅವ್ರದ್ದು. ಆದ್ರೆ ಕೀಳ್ತೀನಿ ಅಂದ್ಮೇಲೆ ಬುಡ ಎತ್ಕಳಕ್ಕೆ ಬುಡದೆ ಮೇಲೇ ಟ್ರ್ಯಾಕ್ಟರ್ ಹತ್ಸೋನ್ನ ಈ ಊರಲ್ಲಿ ನೋಡಿದ್ದೀಯಾ ನೀನು?"

ನೋಡಿರಲಿಲ್ಲ.

"ಅಷ್ಟೇ ನಾನು ಕೇಳದು. ಆಟ ನಿಲ್ಸಿ. ನನ್ ರಸ್ತೆ ಬುಡ ನಂಗೆ ಕೊಡಿ."

ಕಂಪನಿಗೆ ಬರೆದೆವು. ನಾನು ಒಕ್ಕಣೆ ಮಾಡಿದ ಇಂಗ್ಲಿಷಿನಲ್ಲಿ ಮುಕ್ಕಾಲು ಭಾಗವನ್ನು ಅವಳು ಹೊಡೆದುಹಾಕಿದಳು. "ಇದ್ರಲ್ಲಿ ಬೆದ್ರಿಕೆ ಅದೆ, ಕೇಳ್ಕೆ ಇಲ್ಲ," ಅಂದಳು. ಉಳಿದದ್ದು ಇಷ್ಟು: ನಾನು ಕಟ್ಟಿದ ರಸ್ತೆಯ ಫೈಲನ್ನು ನನಗೆ ಕಳಿಸಿ, ನಿಮ್ಮ ಆಟವನ್ನು ಬಿಟ್ಟು ಬೇರೆಲ್ಲಾದರೂ ಇಟ್ಟುಕೊಳ್ಳುತ್ತೇನೆ. ಉತ್ತರ ಬೇಗನೆ ಬಂತು, ಬಹಳ ವಿನಯವಾಗಿತ್ತು. ಸಾಧ್ಯವಿಲ್ಲ. ನಿಮ್ಮ ಪ್ರೀತಿಗೆ ಕೃತಜ್ಞರು. ಹೊಸ ಆಟಕ್ಕೆ ಬಂದರೆ ನಿಮಗೊಂದು ಬಸ್ಸು ಉಚಿತ.

ಅವತ್ತು ತಂಡ ಆಟದಲ್ಲಿ ಸೇರಿದಾಗ ಎಲ್ಲರೂ ಗಾಡಿಗಳನ್ನು ಕಾಮಗೆರೆಯ ಹತ್ತಿರ ಸಾಲಾಗಿ ನಿಲ್ಲಿಸಿಕೊಂಡು ಕಂಪನಿಗೆ ಬೈಯತೊಡಗಿದರು. ನಾನು ಕಂಪನಿಯ ಪರ ವಹಿಸಿದೆ. ಯಾರಾದರೂ ವಹಿಸಲೇಬೇಕಲ್ಲ.

"ಕೊಡಕ್ಕೆ ಅವ್ರಿಗೆ ಮನಸಿದ್ರೂ ಆಗಲ್ಲ," ಅಂದೆ. "ಆಟದ ಒಳಗಿರೋದೆಲ್ಲ ಅವ್ರದ್ದೇ ಅಲ್ಲ. ಲಾರಿ ಮೇಲಿರೋ ಗುರುತು ಲಾರಿ ಕಂಪನಿಯೋರ್ದು, ಒಪ್ಪಂದ ಮುಗೀತಾ ಬಂದ್ರೆ ಮತ್ತೆ ಬರ್ಕೊಡಿ ಅನ್ಬೇಕು. ಮರ, ಮೋಡ ಇವನ್ನೆಲ್ಲ ಬೇರೆಯೋರ ಹತ್ರ ಬಾಡಿಗೆಗೆ ತಂದಿರ್ತಾರೆ. ಹಳೇದನ್ನ ಬರೆದ ಎಂಜಿನಿಯರುಗಳು ಬಿಟ್ಟೋಗಿರ್ತಾರೆ, ಯಾವ ತಂತಿ ಎಳುದ್ರೆ ಯಾವ್ದು ಬೀಳ್ತದೆ ಅಂತ ಇರೋರಿಗೆ ಗೊತ್ತಿರಲ್ಲ. ಇಷ್ಟೆಲ್ಲ ಬಿಡಿಸಿ ಒಂದು ರಸ್ತೆ ಕೊಡಕ್ಕೆ ವಕೀಲರನ್ನ ಇಡಬೇಕು."

"ವಕೀಲ್ರನ್ನ ಇಡ್ಬೇಕು ಅಂದ್ರೆ ನಿಮ್ಗೆ ಕೆಲ್ಸ ಸಿಗ್ತದೆ ಅಂತ ಆಸೆನಾ ಲಾಯರ್ ಸಾ?" ಅಂದ ಬಂಡಳ್ಳಿಯವನು.

ಯಳಂದೂರಿನವನು ಗಿರಾಕಿಗೆ ಚಿಲ್ಲರೆ ಕೊಡುತ್ತ ನಡುವೆ ಬಾಯಿ ಹಾಕಿದ. "ಅವೆಲ್ಲ ಸರಿ ಅಣ್ಣ. ಲಾಭ ಕಮ್ಮಿ ಅಂತ ಮುಚ್ತಾವ್ರೆ ಅಂದ್ರೆ, ಇನ್ಯಾರ್ಗಾರ ಮಾರ್ಬೌದಲ್ಲ? ನನ್ನಂಗ್ಡಿ ಬ್ಯಾಡ ಅನ್ಸುದ್ರೆ ಪಕ್ಕದೋನ್ಗೆ ಕೊಟ್ಟೋಯ್ತೀನಿ. ಬೆಂಕಿ ಆಕ್ಬುಟ್ಟು ಓಗಲ್ಲ."

ಇದಕ್ಕೆ ನಾನು ನಿಜವಾಗಿ ಯೋಚಿಸಬೇಕಾಯಿತು. ಹೊಸ ಆಟವನ್ನು ಹಿಂದಿನ ದಿನ ಮೊಬೈಲಿಗೆ ಇಳಿಸಿಕೊಂಡಿದ್ದೆ. ಚೆನ್ನಾಗಿತ್ತು. ಬಣ್ಣ, ಬೆಳಕು, ಎಂಜಿನ್ ಸದ್ದು ಎಲ್ಲ ಒಂದು ಕೈ ಮೇಲೆಯೇ. ಒಂದೇ ಒಂದು ಇರಲಿಲ್ಲ, ರಸ್ತೆ ಕಟ್ಟುವ ಅನುಕೂಲ. ರಸ್ತೆ ಬೇಕಿದ್ದರೆ ಅವರ ಹತ್ತಿರವೇ ಕೊಳ್ಳಬೇಕು.

"ಮಾರಲ್ಲ," ಅಂದೆ. "ಈ ಆಟ ಬದುಕಿದ್ರೆ ಅವರ ಹೊಸ ಆಟಕ್ಕೆ ಇದೇ ಎದುರಾಳಿ. ಇಲ್ಲಿ ಜನಕ್ಕೆ ರಸ್ತೆ ತಾವೇ ಕಟ್ಕೊಂಡು ಅಭ್ಯಾಸ ಆಗೋಗದೆ. ತಾವೇ ಕಟ್ಕೊಳ್ಳೋರು ಕೊಳ್ಳಲ್ಲ. ಇದು ನಷ್ಟ ಮಾಡ್ತದೆ ಅಂತ ಅಲ್ಲ, ಜನಕ್ಕೆ ಕೆಟ್ಟ ಅಭ್ಯಾಸ ಕಲಿಸ್ತದೆ ಅಂತ ಮುಚ್ತಾವ್ರೆ."

"ಇದ್ನ ಸರ್ಯಾಗ್ ಯೋಳ್ದೆ ಕಣ್ಲಾ," ಅಂದಳು ಅಕ್ಕ. ಚರ್ಚೆಯ ಕಪ್ಪುಗಳೆಲ್ಲ ನಮ್ಮ ಮನೆಯ ಶೋಕೇಸಿನಲ್ಲಿ ಧೂಳು ತಿನ್ನುತ್ತಿವೆ. ಆ ಒಂದು ಮಾತು ಈಗಲೂ ಹೊಸದಾಗಿದೆ.

ಆದರೆ ಅವಳು ಅಲ್ಲಿಗೆ ನಿಲ್ಲಲಿಲ್ಲ. ತಂಡದವರು ಆಟ ಮಾಡಿದವರನ್ನೇ ಶಪಿಸತೊಡಗಿದಾಗ ತಡೆದಳು. "ಮಾಡ್ದೋರ್ಗೆ ಬೈಬ್ಯಾಡಿ. ಮಳೆ ಬಂದಾಗ ಈ ವೈಪರ್ ನೋಡಿ. ಒಂದ್ ಕಡೆ ಒರುಸ್ತದೆ, ಇನ್ನೊಂದ್ ಕಡೆ ಕಿರ್ರ್ ಅಂತ ನಿಂತು ಆಮೇಲೆ ಬತ್ತದೆ. ಹಳೇ ಬಸ್ಸಲ್ಲಿ ಮುಂದ್ಗಡೆ ಸೀಟಲ್ಲಿ ಕೂತಿದ್ದೋನೇ ಇದ್ನ ಮಾಡಿರದು. ಮುಚ್ಚೋ ಸುದ್ದಿ ಅವನ್ಗೂ ನಮ್ ಜೊತೇಲೇ ಗೊತ್ತಾಗಿರ್ತದೆ."

ಮುಚ್ಚುವವರು ಬೇರೆ, ಮಾಡುವವರು ಬೇರೆ ಎಂಬ ಸರಳ ಸಂಗತಿ ನನ್ನ ಅಷ್ಟು ಕಾರಣಗಳ ಪಟ್ಟಿಯಲ್ಲಿ ಇರಲೇ ಇಲ್ಲ.

ಫೈಲ್ ಕೊಡದಿದ್ದರೆ ಏನು ಮಾಡುವುದು? ಯಳಂದೂರಿನವನು ವಿಡಿಯೋ ಮಾಡಿಟ್ಟುಕೊಳ್ಳೋಣ ಎಂದ. "ವಿಡಿಯೋದಲ್ಲಿ ಸ್ಟೇರಿಂಗ್ ತಿರುಗ್ತದಾ?" ಎಂದಳು ಅಕ್ಕ. ನಾನು ನನ್ನ ಕೊನೆಯ ಬಾಣ ಬಿಟ್ಟೆ. ನಿಜವಾದ ರಸ್ತೆ ಹೊರಗೇ ಇದೆ, ಇನ್ನೂರು ರೂಪಾಯಿ ಪೆಟ್ರೋಲಿಗೆ ಕಣ್ಣಾರೆ ನೋಡಿಕೊಂಡು ಬರಬಹುದು, ನಕಲನ್ನು ಉಳಿಸಲು ಯಾಕಿಷ್ಟು ಒದ್ದಾಟ? ಅವಳು ಬೇರೆ ಒಂದು ಸಾಫ್ಟ್‌ವೇರ್ ಹುಡುಕಿ ತಂದಳು. ಯಾರೋ ಪುಣ್ಯಾತ್ಮರು ಪುಕ್ಕಟೆ ಬಿಟ್ಟದ್ದು, ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಉಳಿದವರು ತಮ್ಮ ಮೊಬೈಲಿನಿಂದ ಅದಕ್ಕೇ ಬಂದು ಸೇರಬಹುದು, ಯಾರ ಸರ್ವರೂ ಬೇಡ. ಅದರಲ್ಲಿ ಮೊದಲಿನಿಂದ ರಸ್ತೆ ಕಟ್ಟುವುದೆಂದು ತೀರ್ಮಾನವಾಯಿತು. ತಂಡದವರು ಹಳೆಯ ಆಟದಲ್ಲಿ ಒಂದೊಂದು ತುಂಡು ರಸ್ತೆ ಹಂಚಿಕೊಂಡು, ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ, ನಾಲ್ಕೂ ಕಡೆಗೆ ತಿರುಗಿ ಮೊಬೈಲಿನಲ್ಲಿ ಚಿತ್ರ ಹಿಡಿದು ಕಳಿಸಬೇಕು. ಅಕ್ಕ ಅದನ್ನು ನೋಡಿ ಕಟ್ಟುತ್ತಾಳೆ. ನನಗೆ ಕೊಳ್ಳೇಗಾಲದಿಂದ ಕಾಮಗೆರೆಯವರೆಗಿನ ತುಂಡು ಬಂತು. ಹನೂರಿನಿಂದ ಆಚೆಯದು ಬಂಡಳ್ಳಿಯವನಿಗೆ.

ಕೆಲಸ ಭರದಿಂದ ಸಾಗುತ್ತಿತ್ತು. ಆಮೇಲೆ ಕಾಮಗೆರೆ ಕೆರೆಗೆ ಬಿತ್ತು.

ಹೊಸ ಸಾಫ್ಟ್‌ವೇರಿನಲ್ಲಿ ಕೆಳಗೆ ನಿಜವಾದ ಭೂಪಟ ಹಾಸಿಕೊಂಡು ಅದರ ಮೇಲೆ ರಸ್ತೆ ಕಟ್ಟಬಹುದಿತ್ತು. ಅಕ್ಕ ಹಾಗೆಯೇ ಶುರು ಮಾಡಿದ್ದಳು. ಆಟದ ರಸ್ತೆಯನ್ನು ಅಳತೆ ಮಾಡಿ ಮಾಡಿ ಇಡುತ್ತ ಹೋದರೆ ಕಾಮಗೆರೆಯ ಅಂಗಡಿ ಸಾಲು ಬಂದು ನಿಂತದ್ದು ಒಂದು ಕೆರೆಯ ನಡುವೆ. ಎಲ್ಲೋ ಎಡವಟ್ಟಾಗಿದೆ ಎಂದು ನಾನು ನನ್ನ ತುಂಡನ್ನು ಮತ್ತೆ ಅಳೆದೆ. ನನ್ನ ತಪ್ಪಿರಲಿಲ್ಲ. ಅಕ್ಕನ ರಸ್ತೆಯಲ್ಲೇ ಕೊಳ್ಳೇಗಾಲದಿಂದ ಕಾಮಗೆರೆ ಬಹಳ ಹತ್ತಿರವಿತ್ತು. ಕಾಮಗೆರೆಯಿಂದ ಹನೂರು, ಹನೂರಿನಿಂದ ಬಂಡಳ್ಳಿ ಎಳೆದಷ್ಟೂ ಮುಗಿಯದಂತೆ ಉದ್ದವಿತ್ತು.

ಇಷ್ಟು ದೊಡ್ಡ ಸಾಕ್ಷಿ ಸಿಕ್ಕ ಮೇಲೆ ಬಿಡಲು ನಾನೇನು ಸಾಧುವೇ? ಕುಂತೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ನಿಂತು ಹೇಳಿದೆ: "ಅಕ್ಕ, ನಿನ್ ರಸ್ತೆ ಸುಳ್ಳು ಕಣಕ್ಕ. ಇಷ್ಟು ವರ್ಷ ಎಲ್ಲರೂ ಸುಳ್ಳು ರಸ್ತೇಲಿ ಓಡ್ಸವ್ರೆ."

ಅಕ್ಕ ಭೂಪಟವನ್ನೂ ತನ್ನ ರಸ್ತೆಯನ್ನೂ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಬಾ ಇಲ್ಲಿ," ಎಂದು ದೊಡ್ಡಮ್ಮನನ್ನು ಕರೆದಳು. "ರಜಕ್ಕೆ ಬಂಡಳ್ಳಿಗೆ ಕರ್ಕಂಡ್ ಓಯ್ತಿದ್ದಲ್ಲ ನೀನು, ಬಸ್ಸಲ್ಲಿ ನಂಗೆ ಸೀಟು ಎಲ್ಲಿ ಸಿಗ್ತಿತ್ತು?"

ದೊಡ್ಡಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಬಂದು ಬಾಗಿಲಲ್ಲಿ ನಿಂತರು. "ಕೊಳ್ಳೇಗಾಲ್ದಲ್ಲಿ ಅತ್ತಕ್ಕೇ ಜಾಗ ಇರ್ತಿರ್ನಿಲ್ಲ. ಜನದ್ ಸಂದೀಲಿ ನೀನು ನನ್ ಸೀರೆ ಇಡ್ಕಂಡು ನಿಂತಿರ್ತಿದ್ದೆ. ಕಾಮಗೆರೇಲಿ ಜನ ಇಳುದ್ರೆ ಕಿಟ್ಕಿ ಸೀಟು ಕೊಡ್ಸು ಅಂತ ಪ್ರಾಣ ತಿಂತಿದ್ದೆ."

"ಗೊತ್ತಾಯ್ತಾ?" ಅಂದಳು ಅಕ್ಕ ನನ್ನ ಕಡೆ ತಿರುಗಿ. "ಕಾಮಗೆರೆ ತಂಕ ನಾನು ನೋಡಿರದು ಜನಗಳ ಮೊಣಕೈ. ಅದೆಷ್ಟುದ್ದ ಇದ್ದಾತು? ಅಲ್ಲಿಂದಾಚೆಗೆ ಕಿಟ್ಕಿ."

ನಕಲನ್ನು ಉಳಿಸುವುದೇಕೆ ಎಂದು ಕೇಳಿದ್ದೆನಲ್ಲ, ಅದು ನಕಲೇ ಆಗಿರಲಿಲ್ಲ. ಯಾವ ಇಲಾಖೆಯೂ ಹಾಕದ, ಯಾವ ಪೆಟ್ರೋಲಿಗೂ ಮುಟ್ಟಲಾಗದ ರಸ್ತೆ ಅದು. ಕಂಪನಿಯ ಸರ್ವರಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ.

ಅಕ್ಕ ಭೂಪಟವನ್ನು ತೆಗೆದುಹಾಕಿದಳು. ಬರಿಯ ಹಸಿರು ನೆಲ ಉಳಿಯಿತು. ಅಷ್ಟು ದಿನ ಕಟ್ಟಿದ್ದನ್ನು ಅಳಿಸಿ, ಅದರ ಮೇಲೆ ತನ್ನ ಅಳತೆಯಲ್ಲೇ ಕೊಳ್ಳೇಗಾಲದಿಂದ ಮತ್ತೆ ಶುರು ಮಾಡಿದಳು. ಕೆಲಸ ಹಿಂದೆ ಬಿತ್ತು, ಮುಚ್ಚುವ ದಿನ ಮುಂದೆ ಬಂತು. ಹೇಳಬೇಕಾದ ಮಾತೆಂದರೆ, ತಂಡದಲ್ಲಿ ಯಾರೂ ಗೊಣಗಲಿಲ್ಲ. ತಿರುವಿನ ಚಿತ್ರಗಳು ಬರುತ್ತಲೇ ಇದ್ದವು. ಬಂಡಳ್ಳಿಯವನು ಮಾತ್ರ ಹಿಂದುಳಿದ. ಆ ವಾರಗಳಲ್ಲಿ ಅವನ ನಿಜವಾದ ಗಾಡಿಗೆ ಬಿಡುವಿಲ್ಲದ ಬಾಡಿಗೆ. "ಪರವಾಯಿಲ್ಲೆ ಅಕ್ಕ, ಕಡೇ ದಿನ ಎಲ್ಲಾನೂ ಒಟ್ಟಿಗೆ ಇಡೀತೀನಿ," ಅಂದ.

ಕಡೆಯ ದಿನ ಮುಚ್ಚುವ ಹೊತ್ತು ಕಂಪನಿಯ ದೇಶದ ಗಡಿಯಾರದಲ್ಲಿತ್ತು. ನಮಗದು ಮಧ್ಯಾಹ್ನ ಊಟದ ಹೊತ್ತು. ಅಕ್ಕ ತಟ್ಟೆ ಪಕ್ಕಕ್ಕಿಟ್ಟು ಟ್ರ್ಯಾಕ್ಟರ್ ಏರಿದಳು. ಹಿಂದೆ ಇಡೀ ತಂಡ. ಹನೂರು ದಾಟಿ ಬಂಡಳ್ಳಿಯ ಕಡೆಗೆ ತಿರುಗಿದೆವು. ಬಂಡಳ್ಳಿಯವನು ಎಲ್ಲರಿಗಿಂತ ಮುಂದೆ ಹೋಗುತ್ತ, ನಿಲ್ಲುತ್ತ, ಚಿತ್ರ ಹಿಡಿಯುತ್ತ, "ಅಯ್ಯಯ್ಯೋ, ಇನ್ನೊಂದ್ ನಿಮ್ಷ, ಇನ್ನೊಂದೇ ತಿರುವು" ಎನ್ನುತ್ತಿದ್ದ. ಶಾಗ್ಯದ ಕಡೆಯ ಕವಲು ಬರುವುದಕ್ಕೆ ಮುಂಚೆ ಒಂದು ಇಳಿಜಾರು. ಅಲ್ಲಿ ಅವನ ಲಾರಿಯ ಹಿಂದಿನ ಕೆಂಪು ದೀಪ ಉರಿಯಿತು. ಅಷ್ಟಕ್ಕೆ ಪರದೆ ನಿಂತಿತು. ಸಂಪರ್ಕ ಕಡಿದಿದೆ ಎಂಬ ಒಂದು ಸಾಲು.

ಅಕ್ಕ ಮೊಬೈಲನ್ನು ಮಗುಚಿಟ್ಟು, ಆರಿದ ಮುದ್ದೆಯನ್ನು ಸಾರಿಗೆ ಅದ್ದಿ ಊಟ ಮುಗಿಸಿದಳು. ಕೈ ತೊಳೆದು ಬಂದು ಕಂಪ್ಯೂಟರ್ ಹಾಕಿದಳು.

ಹೊಸ ರಸ್ತೆ ಈಗ ಓಡುತ್ತಿದೆ. ಅದು ಕುಂತೂರಿನ ನಡುಮನೆಯ ಕಂಪ್ಯೂಟರಿನಲ್ಲಿರುವುದರಿಂದ ಅಲ್ಲಿ ಕರೆಂಟ್ ಇದ್ದರೆ ಮಾತ್ರ ರಸ್ತೆ ತೆರೆದಿರುತ್ತದೆ. "ಅಕ್ಕೋ, ಕುಂತೂರಲ್ಲಿ ಕರೆಂಟ್ ಅದಾ?" ಎಂದು ಕೇಳಿಕೊಂಡು ಬಂಡಳ್ಳಿಯವನು ಲಾರಿ ತೆಗೆಯುತ್ತಾನೆ. ತಂಡ ಕರಗುತ್ತದೆ, ಉಚಿತ ಬಸ್ಸಿನ ಆಸೆಗೆ ಎಲ್ಲರೂ ಹೊಸ ಆಟಕ್ಕೆ ಹೋಗುತ್ತಾರೆ ಎಂದು ನಾನು ಖಡಾಖಂಡಿತವಾಗಿ ಹೇಳಿದ್ದೆ. ಕೆಲವರು ಹೋದರು. ಹೋದವರಲ್ಲಿ ಕೆಲವರು ಬಸ್ಸು ತೆಗೆದುಕೊಂಡು ವಾಪಸ್ ಬಂದರು.

ಹನೂರು ದಾಟಿ ಆ ಇಳಿಜಾರಿನವರೆಗೆ ಎಲ್ಲವೂ ಇದೆ. ಅಲ್ಲಿಂದ ಮುಂದೆ ಟಾರು ಕತ್ತರಿಸಿದ ಹಾಗೆ ನಿಂತು ಬರಿಯ ಹಸಿರು. ಮುಂದಿನದಕ್ಕೆ ಚಿತ್ರವಿಲ್ಲ, ಹಳೆಯ ಆಟವಿಲ್ಲ, ಹೋಗಿ ನೋಡೋಣವೆಂದರೆ ಅಲ್ಲಿಯ ಮರಗಳೂ ಇಲ್ಲ. ನೆನಪಿನಿಂದಲೇ ಕಟ್ಟಬೇಕು. ಅಕ್ಕ ತನ್ನ ನೆನಪಿನಿಂದ ಮೊದಲ ಮರವನ್ನು ಎಡಗಡೆ ಇಟ್ಟಳು. ದೊಡ್ಡ ಹುಣಸೆಮರ, ಕೆಳಗೆ ಕಲ್ಲುಬೆಂಚು.

"ತಪ್ಪು ಅಕ್ಕ. ಅದು ಬಲಕ್ಕಿತ್ತು," ಅಂದ ಬಂಡಳ್ಳಿಯವನು.

"ಎಡಕ್ಕಿತ್ತು ಕಣಪ್ಪ. ನನ್ ಕಿಟ್ಕಿಗೆ ಕೊಂಬೆ ತಾಗ್ತಿತ್ತು."

"ನಾನು ಡ್ರೈವರ್. ಬಲಗಡೆ ಕೂತಿರೋನು. ನನ್ ಕೈಗೇ ತಾಗ್ತಿತ್ತು ಅಂತೀನಿ!"

"ಮರ ಎಷ್ಟು ದೊಡ್ದಿತ್ತೋ, ಇಬ್ರಿಗೂ ತಾಗಿರ್ಬೌದು," ಅಂದ ಯಳಂದೂರಿನವನು. ಇಬ್ಬರೂ ಸೇರಿ ಅವನ ಬಾಯಿ ಮುಚ್ಚಿಸಿದರು.

ಅಕ್ಕನಿಗೆ ಮನಸ್ಸಿದ್ದರೆ ಎಡಕ್ಕಿಟ್ಟು ಮುಂದೆ ಹೋಗಬಹುದಿತ್ತು. ರಸ್ತೆ ಅವಳದು, ಕಂಪ್ಯೂಟರೂ ಅವಳದು. ಅವಳು ಮರವನ್ನು ಎತ್ತಿ ಪಕ್ಕಕ್ಕಿಟ್ಟಳು. ಇದು ಇತ್ಯರ್ಥವಾಗುವವರೆಗೆ ರಸ್ತೆ ಮುಂದಕ್ಕೆ ಹೋಗುವುದಿಲ್ಲ ಅಂದಳು. ಭಾನುವಾರ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂಡಳ್ಳಿಗೆ ಹೋಗಿ ಕೇಳಿದೆವು. ದೊಡ್ಡಮ್ಮನ ಅಣ್ಣ ಎಡ ಅಂದರು. ಟೀ ಅಂಗಡಿಯವರು ಬಲ ಅಂದರು. ಅಲ್ಲಿ ಟೀ ಕುಡಿಯುತ್ತಿದ್ದ ಅಜ್ಜ, "ಅದು ಹುಣಸೇಮರವೇ ಅಲ್ಲ ಕಣ್ರಪ್ಪ, ಬೇವು" ಅಂದುಬಿಟ್ಟರು. ಅಕ್ಕ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, "ಬೇವಾ? ಎಂಗಿತ್ತು, ಯೋಳಿ" ಎಂದು ಇನ್ನೊಂದು ಟೀ ಹೇಳಿದಳು.

ವಾದ ಇನ್ನೂ ಮುಗಿದಿಲ್ಲ. ದಿನವೂ ಕರೆಂಟ್ ಬಂದ ಮೇಲೆ ಟಾರು ಮುಗಿಯುವ ಕಡೆಗೆ ಗಾಡಿಗಳು ಬಂದು ನಿಲ್ಲುತ್ತವೆ, ಎಡ ಬಲ ಶುರುವಾಗುತ್ತದೆ. ನಾನು ಎಡದ ಪರ. ಬಂಡಳ್ಳಿಯವನ ಸಾಕ್ಷ್ಯದಲ್ಲಿ ಎಷ್ಟು ತೂತುಗಳಿವೆ ಎಂದು ಒಂದೊಂದಾಗಿ ತೋರಿಸಿದ್ದೇನೆ. ಆ ಮರವನ್ನು ನಾನು ನೋಡಿಯೇ ಇಲ್ಲ.